ಸೆಡವು: ರಮಿಸುವವರು ಇರುವತನಕ

ರೋಣದ ಕಡೆಯ ಮನೆಯೊಂದರಲ್ಲಿ ಯಾರಾದರೂ ಊಟಕ್ಕೆ ಏಳದೆ ಒಳಗಿನ ಖೋಲಿಯಲ್ಲಿ ಗೋಡೆ ಕಡೆ ಮಾರಿ ಮಾಡಿ ಮಲಗಿದರೆಂದರೆ ಮನೆಮಂದಿ ‘ಅವಂಗ ಸಿಟ್ಟು ಬಂದೈತಿ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ‘ಸೆಡವು ಮಾಡ್ಯಾನ’ ಅನ್ನುತ್ತಾರೆ. ಸಿಟ್ಟು ತಾನಾಗಿ ಬರುತ್ತದೆ, ಹೋಗುತ್ತದೆ. ಸೆಡವನ್ನು ಮಾಡಬೇಕು, ಮಾಡಿದ್ದನ್ನು ಹಿಡಿದು ಕೂರಬೇಕು, ಯಾರಾದರೂ ಬಂದು ಬಿಡಿಸುವವರೆಗೂ ಕಾಯಬೇಕು. ಹೊಟ್ಟೆ ಹಸಿದು ಚುರುಗುಟ್ಟುತ್ತಿದ್ದರೂ ‘ನನಗ ಹಸುವಿಲ್ಲ’ ಎನ್ನಬೇಕು. ಆ ಎರಡು ಮಾತಿನಲ್ಲಿ ‘ನನ್ನನ್ನ ಇನ್ನೊಮ್ಮೆ ಕರೀರಿ’ ಎಂಬುದೂ ಇದೆಯೆಂದು ಕರೆಯಲು ಬಂದವರಿಗೆ ಗೊತ್ತಿರುತ್ತದೆ.

ಸೆಡೆ ಎಂಬ ಹಳೆಯ ಕ್ರಿಯಾಪದಕ್ಕೆ ಬಿಗಿಯಾಗು, ಮುದುಡು ಎಂಬ ಅರ್ಥಗಳಿವೆ. ಸೆಡವು ಅದರ ಬಳಗದ್ದೇ. ಪಕ್ಕದಲ್ಲೇ ಸೆಟೆಯುವುದೂ ಇದೆ. ‘ಏನ ಸೆಟಕೊಂಡು ಕುಂತೀಯೋ’ ಎಂದು ಅಜ್ಜಿ ಮೊಮ್ಮಗನನ್ನು ಗದರುವಾಗ ಆ ಹುಡುಗನ ಕುತ್ತಿಗೆ, ಭುಜ, ಬಿಗಿದ ತುಟಿ ಎಲ್ಲ ಕಣ್ಣ ಮುಂದೆ ಬರುತ್ತವೆ. ಈ ಸೀಮೆಯವರು ಸೆಡವನ್ನು ಮೈಯಲ್ಲಿ ಗುರುತಿಸುತ್ತಾರೆ. ಮಾರಿ ಉಬ್ಬಿಸಿಕೊಳ್ಳುವುದು ಅದರ ಮೊದಲ ಹಂತ. ಹುಬ್ಬು ಕೂಡಿತೆಂದರೆ ಮಾರಿ ಗಂಟು ಹಾಕಿಕೊಂಡಂತೆ. ಮಾತಿಗೆ ಮಾತು ಕೊಡದೆ ಒಳಗೊಳಗೇ ಒಟಗುಟ್ಟುವುದು ಒಂದು ಬಗೆ, ಮಾತನ್ನೇ ಬಿಡುವುದು ಇನ್ನೊಂದು. ‘ಅವರಿಗೂ ನಮಗೂ ಮಾತಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಮನೆಯ ಖೋಲಿ ದಾಟಿ ಓಣಿಗೆ ಬಂದ ಸೆಡವು. ಮುನಿಸು ಎಂಬುದು ಇವೆಲ್ಲಕ್ಕಿಂತ ಮೆತ್ತಗಿನ ಮಾತು. ಗಂಡ ಹೆಂಡಿರಿಗೆ, ಹಾಡಿಗೆ, ದೇವರಿಗೆ ಅದು ಹೆಚ್ಚು ಒಗ್ಗುತ್ತದೆ.

ಹೆಣ್ಣುಮಕ್ಕಳ ಸೆಡವಿಗೆ ಅಡಿಗಿ ಮನೆಯೇ ಬಾಯಿ. ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಇದನ್ನು ಕಿವಿಯಿಂದಲೇ ತಿಳಿಯಬಹುದು. ನೆಮ್ಮದಿಯ ದಿನ ಕೊಣಮಿಗೆಯಲ್ಲಿ ಹಿಟ್ಟು ನಾದಿ, ಅಂಗೈ ಅಗಲದ ಮುದ್ದೆಯನ್ನು ತಿರುಗಿಸುತ್ತ ತಟ್ಟುವ ಸಪ್ಪಳಕ್ಕೆ ಒಂದು ಹದ ಇರುತ್ತದೆ. ತಟ್ಟು ನಿಂತಾಗ ರೊಟ್ಟಿ ಹಂಚಿಗೆ ಹೋಯಿತು, ಮೇಲೆ ನೀರು ಸವರಿದರು ಎಂದು ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೂ ಗೊತ್ತಾಗುತ್ತದೆ. ಸೆಡವಿನ ದಿನ ಆ ಹದ ಕೆಡುತ್ತದೆ. ಬಡಿತ ಜೋರಾಗುತ್ತದೆ, ನಡುನಡುವೆ ಸುಮ್ಮನೆ ನಿಲ್ಲುತ್ತದೆ, ಚಿಮಟಿಗೆ ಕಲ್ಲಿನ ಮೇಲೆ ಬೀಳುತ್ತದೆ. ಹಿರಿಯ ಹೆಂಗಸೊಬ್ಬರು ಅಂಗಳದಿಂದಲೇ ‘ಯಾಕವ್ವಾ, ರೊಟ್ಟಿ ಭಾಳ ಸಿಟ್ಟಿಲೆ ಬಡ್ಯಾಕತ್ತೀ?’ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ತಾನು ಹೇಳದೆ ಬಿಟ್ಟದ್ದನ್ನು ಯಾರೋ ಕೇಳಿಸಿಕೊಂಡರಲ್ಲ ಎಂಬುದೇ ಆಕೆಗೆ ಮೊದಲ ಸಮಾಧಾನ. ಬಾಯಿ ಬಿಟ್ಟು ಹೇಳುವ ಸ್ವಾತಂತ್ರ್ಯ ಇಲ್ಲದ ಮನೆಯಲ್ಲಿ ಸೊಸೆಗೆ ಇದ್ದ ದೂರು ಅದೊಂದೇ ಎಂಬುದನ್ನೂ ಮರೆಯಬಾರದು. ಅವಳ ಸೆಡವನ್ನು ಹಟಮಾರಿತನವೆಂದು ತಳ್ಳಿಹಾಕಿದವರು ಅವಳಿಗೆ ಬೇರೆ ದಾರಿ ಏನಿತ್ತೆಂದು ಹೇಳಲಿ.

ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಇದೇ ಮಾತು ಮಗ್ಗದಲ್ಲಿ ಕೇಳುತ್ತದೆ. ಕುಣಿಮಗ್ಗದ ಮುಂದೆ ಕುಳಿತವನ ಕೈಗೆ ಕಂಡಿಕೆ ಬೇಕು. ಅದನ್ನು ರಾಟಿಯಲ್ಲಿ ಸುತ್ತಿಕೊಡುವವಳು ಹೆಚ್ಚಾಗಿ ಮನೆಯ ಹೆಣ್ಣುಮಗಳು. ಬೆಳಿಗ್ಗೆ ಒಂದು ಮಾತು ಹೆಚ್ಚುಕಡಿಮೆ ಆಯಿತೆಂದರೆ ರಾಟಿ ನಿಲ್ಲುತ್ತದೆ. ಬುಟ್ಟಿಯಲ್ಲಿದ್ದ ಕಂಡಿಕೆ ಮುಗಿದ ಮೇಲೆ ಲಾಳಿಯೂ ನಿಲ್ಲುತ್ತದೆ. ಆಗ ಗಂಡ ಮಗ್ಗದ ಕುಣಿಯಿಂದ ಎದ್ದು ಒಳಗೆ ಹೋಗಲೇಬೇಕು. ದುಡಿಮೆ ಒಬ್ಬರಿಗೊಬ್ಬರು ಕೂಡಿಕೊಂಡಿರುವ ಮನೆಯಲ್ಲಿ ಸೆಡವು ಬಹಳ ಹೊತ್ತು ಉಳಿಯಲಾರದು. ಹೊಲ, ಮಗ್ಗ, ದನ ಇವೆಲ್ಲ ಹಿಂದಿನವರನ್ನು ಬೇಗ ಮಾತಿಗೆ ತಂದದ್ದು ಹೀಗೆ.

ಯಾರ ಮೇಲೆ ಮಾಡುವುದು?

ಬಡ್ಡಿ ಸಾಹುಕಾರನ ಮೇಲೆ ಯಾರೂ ಸೆಡವು ಮಾಡುವುದಿಲ್ಲ. ಅವನ ಮೇಲೆ ಸಿಟ್ಟು ಇರಬಹುದು, ಹೊಟ್ಟೆಯುರಿ ಇರಬಹುದು. ಬಸ್ಸಿನಲ್ಲಿ ಕಾಲು ತುಳಿದವನ ಮೇಲೂ ಸಿಟ್ಟೇ. ಸೆಡವು ಮಾಡಲು ಎದುರಿನವರು ನಮ್ಮವರಾಗಿರಬೇಕು, ಅವರು ಬಂದು ರಮಿಸುತ್ತಾರೆಂಬ ಭರವಸೆ ಇರಬೇಕು. ಆ ಭರವಸೆ ಹೋದ ದಿನ ಸೆಡವೂ ಹೋಗುತ್ತದೆ, ಅದರ ಜಾಗಕ್ಕೆ ಹಗೆ ಬರುತ್ತದೆ, ಇಲ್ಲವೇ ಸಂಬಂಧವೇ ಇಲ್ಲದಂತಾಗುತ್ತದೆ. ನನಗೆ ಈ ಮಾತಿನ ಮೇಲೆ ಪ್ರೀತಿ ಇರುವುದು ಇದಕ್ಕೇ. ಸೆಡವು ಮಾಡಿದವನು ಸಂಬಂಧವನ್ನು ಕಡಿದುಕೊಂಡವನಲ್ಲ, ಅದರ ಮೇಲಿನ ತನ್ನ ಹಕ್ಕನ್ನು ಇನ್ನೂ ಬಿಡದವನು.

ಪಂಚಮಿ ಹಬ್ಬ ಬಂದಾಗ ಇದು ಎದ್ದು ಕಾಣುತ್ತದೆ. ಈ ಭಾಗದಲ್ಲಿ ನಾಗರ ಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿ, ಗಿಡಕ್ಕೆ ಜೋಕಾಲಿ ಹಾಕಿ ಅವರ ಹಾದಿ ಕಾಯುತ್ತಾರೆ. ಆದರೆ ಹೆಣ್ಣುಮಗಳು ತಾನಾಗಿ ಬರುವಂತಿಲ್ಲ, ಅಣ್ಣನೋ ತಮ್ಮನೋ ಕರೆಯಲು ಹೋಗಬೇಕು. ಫೋನಿನಲ್ಲಿ ‘ಬಾರವ್ವ’ ಎಂದರೆ ಅದು ಕರೆದಂತಲ್ಲ. ಕರೆಯಲು ಬಾರದ ಅಣ್ಣನ ಮೇಲೆ ತಂಗಿ ಮಾಡಿದ ಸೆಡವು ವರ್ಷಗಟ್ಟಲೆ ನಡೆದ ಮನೆಗಳಿವೆ. ಅವಳಿಗೆ ಬೇಕಾದದ್ದು ಸೀರೆಯಲ್ಲ, ಉಂಡಿಯಲ್ಲ. ಮದುವೆ ಮಾಡಿ ಕಳಿಸಿದ ಮೇಲೂ ಈ ಮನೆಯ ಹೊಸ್ತಿಲು ತನ್ನದೇ ಎಂದು ಒಬ್ಬ ಗಂಡಸು ಬಂದು ನಾಲ್ಕು ಮಂದಿಯ ಮುಂದೆ ಹೇಳಬೇಕು, ಅಷ್ಟೇ. ಜನಪದ ಹಾಡುಗಳಲ್ಲಿ ಅಣ್ಣ ಬರುವ ಹಾದಿ ನೋಡುವ ತಂಗಿಯರು ಅಷ್ಟೊಂದು ಮಂದಿ ಇರುವುದು ಸುಮ್ಮನೆ ಅಲ್ಲ.

ಮದುವೆ ಮನೆಯ ಸೆಡವಿಗೆ ಬೇರೆಯೇ ಲೆಕ್ಕ. ಬೀಗರು ಆಯೇರಿಯ ಬಟ್ಟೆ ನೋಡಿ ಮಾರಿ ತಿರುಗಿಸುವುದು, ಹಿರಿಯರನ್ನು ಬಿಟ್ಟು ಕಿರಿಯರಿಗೆ ಮೊದಲು ಎಲೆ ಹಾಕಿದರೆಂದು ಪಂಕ್ತಿಯಿಂದ ಏಳುವುದು, ಇವನ್ನೆಲ್ಲ ಹೊಗಳಲು ನನ್ನಿಂದಾಗದು. ಹೆಣ್ಣಿನ ಕಡೆಯವರನ್ನು ಬಗ್ಗಿಸಲು ಹೂಡಿದ ಸೆಡವು ದಬ್ಬಾಳಿಕೆಯೇ. ಅದಕ್ಕೆ ಮುನಿಸಿನ ಮರ್ಯಾದೆ ಕೊಡಬಾರದು. ಸೋದರಮಾವನ ಸೆಡವು ಹಾಗಲ್ಲ. ತನ್ನ ಕೈಯಲ್ಲಿ ಬೆಳೆದ ಹುಡುಗಿಯ ಮದುವೆಗೆ ತನ್ನನ್ನು ಸರಿಯಾಗಿ ಕರೆಯಲಿಲ್ಲವೆಂದು ಆತ ಊರ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟರೆ ಅಕ್ಕಿಕಾಳು ಬೀಳುವ ಹೊತ್ತು ಮೀರುತ್ತಿದ್ದರೂ ಯಾರಾದರೂ ಓಡಿಹೋಗಿ ಕೈ ಹಿಡಿದು ಕರೆತರುತ್ತಾರೆ. ‘ಏಳ್ರಿ ಮಾವಾರ, ನೀವಿಲ್ಲದ ಹುಡುಗಿ ಮೇಲೆ ಅಕ್ಕಿಕಾಳು ಬೀಳೂದ ಹೆಂಗ?’ ಎಂದ ಕೂಡಲೇ ಆತ ಏಳುತ್ತಾನೆ, ರುಮಾಲು ಸರಿಮಾಡಿಕೊಂಡು ಹಂದರದ ಕಡೆ ನಡೆಯುತ್ತಾನೆ. ತಪ್ಪು ಯಾರದೆಂದು ಆಗ ಯಾರೂ ಕೇಳುವುದಿಲ್ಲ.

ರಮಿಸುವುದಕ್ಕೂ ಒಂದು ಕಲೆ ಬೇಕು. ಅದಕ್ಕೆ ಮೂರನೆಯವರೇ ಆಗಬೇಕೆಂಬುದು ಈ ಸೀಮೆಯ ಅನುಭವ. ಜಗಳ ಆಡಿದವನೇ ಬಂದು ‘ಹೋಗ್ಲಿ ಬಿಡು’ ಎಂದರೆ ಅವನು ಸೋತಂತೆ, ಇವನು ಬಂದರೆ ಇವನು ಸೋತಂತೆ. ನಡುವೆ ಅಜ್ಜಿ, ಚಿಗವ್ವ, ಎದುರುಮನೆಯ ಕಾಕಾ ಬಂದರೆ ಇಬ್ಬರೂ ಸೋಲುವುದಿಲ್ಲ. ‘ನನ್ನ ಮಾತಿಗಾದ್ರೂ ಏಳು’ ಎಂಬುದು ರಮಿಸುವವರ ಮೊದಲ ಅಸ್ತ್ರ. ತಾಟಿಗೆ ಬಡಿಸಿ ತಂದು ಮುಂದಿಡುವುದು ಎರಡನೆಯದು. ಕೊನೆಯದು, ತಾವೂ ಉಣ್ಣದೆ ಪಕ್ಕದಲ್ಲಿ ಕುಳಿತುಬಿಡುವುದು. ಅದರ ಮುಂದೆ ಎಂಥ ಸೆಡವೂ ನಿಲ್ಲುವುದು ಕಷ್ಟ.

ಒಂದು ಹೂವು, ಒಂದು ಚಮಚ ತುಪ್ಪ

ಉತ್ತರ ಕರ್ನಾಟಕ ಒಂದು ಮುನಿಸನ್ನು ರಾತ್ರಿಯಿಡೀ ಕುಳಿತು ನೋಡುವ ಆಟವನ್ನಾಗಿ ಮಾಡಿಕೊಂಡಿದೆ. ಅದೇ ಶ್ರೀಕೃಷ್ಣ ಪಾರಿಜಾತ. ಕತೆ ಎಲ್ಲರಿಗೂ ಗೊತ್ತು. ನಾರದ ತಂದುಕೊಟ್ಟ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಮುಡಿಸುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ, ಆಕೆ ಮುನಿಯುತ್ತಾಳೆ, ಕೃಷ್ಣ ರಮಿಸಲು ಬರುತ್ತಾನೆ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಹೊಂದಿಸಿ ಬೆಳೆಸಿದವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದಕ್ಕೆ ಮನೆಮನೆಯ ಹೆಸರು ತಂದಳು. ಬೆಳಗಾವಿ, ಬಾಗಲಕೋಟೆಗಳಿಂದ ಗದಗ ಜಿಲ್ಲೆಯ ಹಳ್ಳಿಗಳವರೆಗೆ ಜಾತ್ರೆ, ಹಬ್ಬಗಳಲ್ಲಿ ಪಾರಿಜಾತದ ಮೇಳಗಳು ಆಡುತ್ತ ಬಂದಿವೆ.

ದಿನವಿಡೀ ಹೊಲದಲ್ಲಿ ದುಡಿದ ಮಂದಿ ಒಂದು ಹೂವಿನ ಜಗಳವನ್ನು ಬೆಳಗಿನವರೆಗೆ ಏಕೆ ನೋಡುತ್ತಿದ್ದರು? ಭಾಮೆ ಒಳಗೆ ಮಾರಿ ತಿರುಗಿಸಿ ಕೂತಿದ್ದಾಳೆ, ಹದಿನಾಲ್ಕು ಲೋಕದ ಒಡೆಯ ಹೊರಗೆ ನಿಂತು ಬಾಗಿಲು ತೆಗೆಯೆಂದು ಬೇಡುತ್ತಿದ್ದಾನೆ, ದೂತಿ ನಡುವೆ ನಿಂತು ಇಬ್ಬರನ್ನೂ ಮಾತಿಗೆ ಎಳೆಯುತ್ತಿದ್ದಾಳೆ. ಕಟ್ಟೆಯ ಕೆಳಗೆ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತ ಹೆಂಗಸರಿಗೆ ಅದು ದ್ವಾರಕೆಯ ಕತೆಯಾಗಿ ಉಳಿಯುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಯಾರೂ ಕೇಳದೆ ಬಿಟ್ಟ ಮುನಿಸನ್ನು ಇಲ್ಲಿ ದೇವರೇ ನಿಂತು ಕೇಳುತ್ತಿದ್ದ. ಪಕ್ಕದಲ್ಲಿ ಕುಳಿತ ಗಂಡಸರೂ ಅದನ್ನು ಕೇಳಬೇಕಾಗುತ್ತಿತ್ತು.

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹೇಳಿದ ಭಾರತದ ಕತೆಯಲ್ಲೂ ದೊಡ್ಡ ಸೆಡವೊಂದಿದೆ. ಭೀಷ್ಮ ತನ್ನನ್ನು ಹಳಿದನೆಂದು ಕರ್ಣ ಆತ ಬೀಳುವವರೆಗೂ ಆಯುಧ ಹಿಡಿಯುವುದಿಲ್ಲ ಎನ್ನುತ್ತಾನೆ. ಹತ್ತು ದಿನ ಕುರುಕ್ಷೇತ್ರ ಕರ್ಣನಿಲ್ಲದೆ ನಡೆಯುತ್ತದೆ. ಗ್ರೀಕರ ಹೋಮರನ ಮಹಾಕಾವ್ಯ ಆರಂಭವಾಗುವುದೂ ಅಕಿಲೀಸನ ಇಂಥದೇ ಮುನಿಸಿನಿಂದ. ಅವನನ್ನು ರಮಿಸಲು ಉಡುಗೊರೆಗಳ ಸಮೇತ ಹಿರಿಯರನ್ನು ಕಳಿಸುತ್ತಾರೆ, ಆತ ಒಪ್ಪುವುದಿಲ್ಲ. ಕರ್ಣ ಮಾತ್ರ ಶರಶಯ್ಯೆಯ ಮೇಲೆ ಮಲಗಿದ ಅಜ್ಜನ ಬಳಿಗೆ ತಾನಾಗಿ ಹೋಗುತ್ತಾನೆ. ಭಾರತವನ್ನು ಓದಿಸಿ ಕೇಳುತ್ತಿದ್ದ ನಮ್ಮ ಹಿರಿಯರು ಆ ಭೇಟಿಯ ಭಾಗ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇನ್ನೊಂದು ಸೆಡವು ರೋಣದ ಮಗನದೇ. ಪಂಡಿತ ಭೀಮಸೇನ ಜೋಶಿ 1922ರ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿದವರು. 1933ರ ಹೊತ್ತಿಗೆ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟುಹೋದರು. ಅಬ್ದುಲ್ ಕರೀಂಖಾನರ ಠುಮರಿಯ ಧ್ವನಿಮುದ್ರಿಕೆ ಕೇಳಿ ಹಾಡಿನ ಹುಚ್ಚು ಹತ್ತಿತ್ತು, ಗುರುವನ್ನು ಹುಡುಕಬೇಕಿತ್ತು, ಅದು ನಿಜವಾದ ಕಾರಣ. ಆದರೆ ಮನೆಯಿಂದ ಕಾಲು ಹೊರಗಿಟ್ಟ ಆ ದಿನದ ಬಗ್ಗೆ ನಮ್ಮ ಕಡೆ ಹೇಳುವ ಕತೆಯಲ್ಲಿ ತುಪ್ಪ ಬರುತ್ತದೆ. ಊಟಕ್ಕೆ ಕುಳಿತಾಗ ಕೇಳಿದಷ್ಟು ತುಪ್ಪ ಬೀಳಲಿಲ್ಲವೆಂದು ಹುಡುಗ ತಾಟು ಬಿಟ್ಟು ಎದ್ದನಂತೆ. ಬಡ ಶಾಲಾ ಮಾಸ್ತರರ ಮನೆ, ತುಂಬ ಮಕ್ಕಳು. ತಾಯಿ ಗೋದಾವರಿಬಾಯಿಯವರ ಕೈಯಲ್ಲಿದ್ದ ತುಪ್ಪದ ಗಿಂಡಿ ಎಷ್ಟೆಂದು ಸುರಿದೀತು? ಹುಡುಗ ರೈಲು ಹತ್ತಿದ. ಗ್ವಾಲಿಯರ್, ದೆಹಲಿ, ಕಲ್ಕತ್ತಾ, ಲಖನೌ, ರಾಂಪುರ ಎಂದು ಅಲೆದ. ಕೊನೆಗೆ ತಂದೆ ಗುರುರಾಜ ಜೋಶಿಯವರು ಮಗನನ್ನು ಜಾಲಂಧರದಲ್ಲಿ ಪತ್ತೆಹಚ್ಚಿ ಮನೆಗೆ ಕರೆತಂದರು. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಒಪ್ಪಿಕೊಂಡರು. ಮುಂದೆ 2008ರಲ್ಲಿ ಭಾರತರತ್ನ ಬಂದದ್ದು ಎಲ್ಲರೂ ಬಲ್ಲ ಸಂಗತಿ. ನನಗೆ ಆ ತಂದೆಯ ಪ್ರಯಾಣ ದೊಡ್ಡದಾಗಿ ಕಾಣುತ್ತದೆ. ಓಡಿಹೋದ ಮಗನನ್ನು ಬೈದು ಕೈಬಿಡಬಹುದಿತ್ತು. ಅವರು ಪಂಜಾಬಿನವರೆಗೆ ಹೋಗಿ ಕರೆತಂದದ್ದಲ್ಲದೆ, ಮಗನ ಹಟಕ್ಕೆ ಕಾರಣವಾದ ಹಾಡನ್ನು ಕಲಿಯಲೂ ಬಿಟ್ಟರು. ರಮಿಸುವುದೆಂದರೆ ಇದು.

ಮಳೆಯೂ, ಸರಕಾರವೂ

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಎರಿ ಹೊಲದ ನಾಡಿದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಮಿರಗದ ಮಳೆ ತಪ್ಪಿದರೆ ಹೆಸರಿನ ಬಿತ್ತನೆಯೇ ಹೋಯಿತು. ಆಗಲೂ ಜನ ಮಳೆಯನ್ನು ಬೈಯುವುದಿಲ್ಲ, ‘ಮಳಿರಾಯ ಮುನಿಸ್ಕೊಂಡಾನ’ ಎನ್ನುತ್ತಾರೆ. ಮುನಿದವನನ್ನು ರಮಿಸಬೇಕಷ್ಟೆ. ರೊಟ್ಟಿ ಹಂಚಿನ ಮೇಲೆ ಸೆಗಣಿಯ ಗುರ್ಜವ್ವನನ್ನು ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಾರೆ. ಹೆಂಗಸರು ಕೊಡದ ನೀರು ತಂದು ಅವನ ತಲೆಯ ಮೇಲೆ ಸುರಿಯುತ್ತಾರೆ, ಮೊರದಲ್ಲಿ ಜೋಳ ನೀಡುತ್ತಾರೆ. ಗುರ್ಜಿ ಹೊತ್ತವನು ಗರಗರನೆ ತಿರುಗುತ್ತಾನೆ, ನೀರು ಸುತ್ತಲೂ ಹನಿಯಾಗಿ ಸಿಡಿಯುತ್ತದೆ. ಮಳೆಯನ್ನೂ ಮನೆಯವನೆಂದೇ ತಿಳಿದವರು ಮಾತ್ರ ಹೀಗೆ ಮಾಡಲು ಸಾಧ್ಯ.

ಇದೇ ಜನ ಸರಕಾರವನ್ನೂ ಬಹಳ ಕಾಲ ಮನೆಯ ಹಿರಿಯನೆಂದೇ ನಂಬಿದ್ದರು. ನರಗುಂದವನ್ನು ‘ಬಂಡಾಯದ ನೆಲ’ ಎಂದು ಕರೆಯುವುದು ರೂಢಿ. ಆ ಹೆಸರಿನ ಹಿಂದೆ ಎಷ್ಟು ಕಾಲದ ಸೆಡವಿತ್ತು ಎಂಬುದನ್ನು ನಾವು ಕಡಿಮೆ ನೆನೆಯುತ್ತೇವೆ. ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಮಗನಿಲ್ಲದ ಕಾರಣ ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದ. ಕಂಪನಿ ಸರಕಾರ ಒಪ್ಪಲಿಲ್ಲ. ಕೇಳಿಕೊಂಡದ್ದಕ್ಕೆ ಬೆಲೆ ಸಿಗಲಿಲ್ಲ. 1858ರ ಮೇ 29ರಂದು ಸುರೇಬಾನದಲ್ಲಿ ರಾಜಕೀಯ ಏಜೆಂಟ್ ಮ್ಯಾನ್ಸನ್‌ನ ತಲೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇದಕ್ಕೂ ಹಿಂದೆ, 1785ರಲ್ಲಿ, ಕಪ್ಪಕಾಣಿಕೆಯ ವಿಷಯದಲ್ಲಿ ಟಿಪ್ಪು ನರಗುಂದಕ್ಕೆ ಮುತ್ತಿಗೆ ಹಾಕಿದ್ದು ಮರಾಠರಿಗೂ ಮೈಸೂರಿಗೂ ಯುದ್ಧ ತಂದಿತ್ತು. ಆ ಯುದ್ಧ 1787ರಲ್ಲಿ ಮುಗಿದದ್ದು ಗಜೇಂದ್ರಗಡದ ಒಪ್ಪಂದದಿಂದ. ನರಗುಂದದಲ್ಲಿ ಹೊತ್ತಿದ್ದು ಗಜೇಂದ್ರಗಡದಲ್ಲಿ ಆರಿತು.

1980ಕ್ಕೆ ಬರೋಣ. ಮಲಪ್ರಭಾ ಅಣೆಕಟ್ಟಿನ ಕಾಲುವೆ ಬಂತು. ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಂತು, ನೀರಿನ ಕರ ಏರಿತು, ಹತ್ತಿಯ ಬೆಲೆ ಬಿತ್ತು. ರೈತರು ಮನವಿ ಕೊಟ್ಟರು, ಕರ ಕಟ್ಟುವುದಿಲ್ಲ ಎಂದು ಕುಳಿತರು, ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದರು. ಊಟಕ್ಕೆ ಏಳದೆ ಮಲಗಿದ ಮನೆಮಗ ಕೇಳುವುದನ್ನೇ ಅವರೂ ಕೇಳುತ್ತಿದ್ದರು: ಯಾರಾದರೂ ಬಂದು ಏನಾಯಿತೆಂದು ಕೇಳಲಿ. ಮಲಗಿದವರನ್ನು ಅಧಿಕಾರಿಗಳು ದಾಟಿ ಒಳಗೆ ಹೋದರೆಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಜುಲೈ 21ರಂದು ಗೋಲಿಬಾರ್ ಆಯಿತು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಿದ್ದರು. ನಾಡಿನ ರೈತ ಚಳವಳಿಗೆ ಅಲ್ಲಿಂದ ಹೊಸ ಬಲ ಬಂತು. ಆ ದಿನವನ್ನು ರೈತ ಹುತಾತ್ಮ ದಿನವೆಂದು ಈಗಲೂ ಆಚರಿಸುತ್ತಾರೆ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಮತ್ತೆ ಧರಣಿಯ ಟೆಂಟು ಬಿತ್ತು, ವರ್ಷಗಳ ಕಾಲ ನಡೆಯಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕಳಸಾ ಬಂಡೂರಿ ತಿರುವಿಗೆ 3.9 ಟಿಎಂಸಿ ಅಡಿ ನೀರು ಹಂಚಿಕೊಟ್ಟಿತು. ಧರಣಿ ಕುಳಿತವರಿಗೆ ಕೋಪಕ್ಕಿಂತ ಹೆಚ್ಚಾಗಿ ಇದ್ದದ್ದು ತಮ್ಮವರೇ ತಮ್ಮನ್ನು ಮರೆತರೆಂಬ ನೋವು. ಆಳುವವರು ಇದನ್ನು ತಿಳಿದುಕೊಳ್ಳಬೇಕು. ಧರಣಿ ಕೂತ ರೈತ ಇನ್ನೂ ನಿಮ್ಮನ್ನು ನಂಬಿದ್ದಾನೆ ಎಂದೇ ಅರ್ಥ. ನಂಬಿಕೆ ಇರುವಾಗಲೇ ಹೋಗಿ ಮಾತಾಡಿಸಬೇಕು.

ಈಗ ಮನೆಗಳಲ್ಲಿ ರಮಿಸುವವರು ಕಡಿಮೆಯಾಗಿದ್ದಾರೆ. ರೋಣದ ಮಗ ಬೆಂಗಳೂರಿನಲ್ಲಿ, ಗಜೇಂದ್ರಗಡದ ಮಗಳು ಪುಣೆಯಲ್ಲಿ, ಅಜ್ಜಿಯೊಬ್ಬಳೇ ಊರಲ್ಲಿ. ಮುನಿದವನು ಫೋನು ಎತ್ತುವುದಿಲ್ಲ, ನಂಬರ್ ಬ್ಲಾಕ್ ಮಾಡುತ್ತಾನೆ. ತಾಟು ಹಿಡಿದು ಪಕ್ಕದಲ್ಲಿ ಕೂರಲು ಯಾರಿಗೂ ಆಗುವುದಿಲ್ಲ. ಎರಡು ದಿನದಲ್ಲಿ ಮುಗಿಯಬೇಕಾದ ಸೆಡವು ಹೊಲದ ವಾಟ್ನಿಯ ದಾವೆಯವರೆಗೂ ಹೋಗುತ್ತದೆ. ಅಣ್ಣ ತಮ್ಮಂದಿರು ನ್ಯಾಯಾಲಯದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಾರೆ.

ನಮ್ಮ ಹಿರಿಯರು ಸೆಡವು ಬಿಡಿಸಲೆಂದೇ ಎರಡು ದಿನ ಇಟ್ಟಿದ್ದರು. ಸಂಕ್ರಮಣಕ್ಕೆ ಎಳ್ಳು ಬೆಲ್ಲ, ಕುಸುರೆಳ್ಳು. ವಿಜಯದಶಮಿಗೆ ಬನ್ನಿ. ಆ ಸಂಜೆ ಬನ್ನಿ ಎಲೆ ಹಿಡಿದು ಬಂದವರಿಗೆ ಯಾರೂ ಬಾಗಿಲು ಹಾಕುವಂತಿಲ್ಲ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಮಾತು ಬಿಟ್ಟವರೂ ಅವತ್ತು ಒಬ್ಬರ ಕೈಗೊಬ್ಬರು ಎಲೆ ಕೊಡುತ್ತಾರೆ. ಯಾರು ಮೊದಲು ಬಂದರೆಂದು ಆ ದಿನ ಲೆಕ್ಕ ಇಡುವುದಿಲ್ಲ. ಈಗ ಅನೇಕರು ಮೊಬೈಲಿನಲ್ಲಿ ಬನ್ನಿ ಎಲೆಯ ಚಿತ್ರ ಕಳಿಸಿ ಮುಗಿಸುತ್ತಾರೆ. ಓದುಗರಲ್ಲಿ ನನ್ನದೊಂದು ಕೇಳಿಕೆ. ಬರುವ ದಸರೆಗೆ ಊರಿಗೆ ಹೋದವರು ಗುಡಿಯಿಂದ ಮರಳುವಾಗ ಒಂದು ಹಿಡಿ ಬನ್ನಿ ಎತ್ತಿಟ್ಟುಕೊಳ್ಳಿ, ನಿಮ್ಮೊಂದಿಗೆ ಮಾತು ಬಿಟ್ಟವರ ಮನೆಗೆ ಮೊದಲು ಹೋಗಿ, ಉಳಿದವರ ಮನೆಗೆ ಆಮೇಲೆ.